ಬೆನ್ನ ಹಿಂದಿನ ಎರಡು ಮೂಲೆ

ಕಳೆದ ವಾರ ಹಳೆಯ ಟ್ರಂಕು ಖಾಲಿ ಮಾಡುವಾಗ ತಳದಲ್ಲಿ ಒಂದು ವೈರು ಸಿಕ್ಕಿತು. ಬೂದು ಬಣ್ಣದ್ದು, ಎರಡು ಮಾರು ಉದ್ದ, ಎಂಟರ ಆಕಾರದಲ್ಲಿ ಸುತ್ತಿಟ್ಟದ್ದು. ಮೇಲಿನ ರಬ್ಬರು ಅಂಟಂಟಾಗಿತ್ತು. ಮೂಗಿನ ಹತ್ತಿರ ಹಿಡಿದೆ. ಬಿಸಿಯಾದ ಧೂಳಿನ ವಾಸನೆ, ಅದರ ಹಿಂದೆ ಎಲ್ಲೋ ಅಡುಗೆಮನೆಯ ವಾಸನೆ… ಪಿನ್ನಿನ ಬುಡದಲ್ಲಿ ಸಾಸಿವೆಯಷ್ಟು ಒಂದು ಹಳದಿ ಕಲೆ. ಅರಿಶಿನದ್ದು. ನಲವತ್ತು ವರ್ಷದ ಹಿಂದೆ ನಾನು ಒದ್ದೆ ಬಟ್ಟೆಯಲ್ಲಿ ತಿಕ್ಕಿ ಒರೆಸಿದ ಮೇಲೂ ಉಳಿದುಕೊಂಡ ಕಲೆ. ಅವತ್ತು ಅದು ನನ್ನ ಕಣ್ಣಿಗೆ ಬಿದ್ದಿದ್ದರೆ ಪಕ್ಕದ ಮನೆಯ ಕಾಕಾ ನಮ್ಮ ಕಣ್ಣೆದುರಿಗೇ ಹಾಗೆ ಹೊರಟುಹೋಗುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ದಾಂಡೇಲಿಯ ಬಂಗೂರನಗರದಲ್ಲಿ ನಾನು ಶಾಲೆಯ ಟೀಚರು. ಅವ್ವ ಮತ್ತು ನಾನು ಒಂದು ಸಣ್ಣ ಬಾಡಿಗೆ ಮನೆಯಲ್ಲಿದ್ದೆವು. ಅದಕ್ಕೆ ಗೋಡೆ ಹತ್ತಿಕೊಂಡ ಮನೆ ಕಾಕಾ ಅವರದು. ಅವರು ಕಾಗದದ ಕಾರ್ಖಾನೆಯಲ್ಲಿ ಮೀಟರು, ಗೇಜು ರಿಪೇರಿ ಮಾಡುವ ಕೆಲಸದಲ್ಲಿದ್ದರು. ಅವರ ಹೆಂಡತಿಯನ್ನು ನಾನು ಕಾಕು ಎನ್ನುತ್ತಿದ್ದೆ. ಮಕ್ಕಳಿರಲಿಲ್ಲ. ನಾನು ಮಗಳ ವಯಸ್ಸಿನವಳಾದರೂ ಕಾಕಾ ನನ್ನನ್ನು ‘ಅಕ್ಕೋರ’ ಎಂದೇ ಕರೆಯುತ್ತಿದ್ದರು. ನಮ್ಮ ಕಡೆ ಶಾಲೆಯ ಬಾಯಾರಿಗೆ, ಅಂದರೆ ಟೀಚರಮ್ಮಂದಿರಿಗೆ, ಹಾಗೆನ್ನುವುದು ರೂಢಿ. ಕಾಕು ಮಾತ್ರ ತಂಗಿ ಅನ್ನುತ್ತಿದ್ದರು.

ಕಾಕಾ ಕಾರ್ಖಾನೆಗೆ ಹೋಗುವಾಗ ಎರಡೂ ಕಿವಿಗೆ ಅರಳೆ ತುರುಕಿಕೊಂಡು ಹೋಗುತ್ತಿದ್ದರು. ಯಂತ್ರಗಳ ಗದ್ದಲಕ್ಕೆ ಕಿವಿ ಕೆಡಬಾರದು, ಭಾನುವಾರಕ್ಕೆ ಉಳಿಯಬೇಕು ಎಂದು. ಆರು ದಿನ ದುಡಿದದ್ದನ್ನು ಏಳನೆಯ ದಿನ ಕುಡಿದು ಕಳೆಯುವವರನ್ನು ಕಂಡಿದ್ದೆ. ಆರು ದಿನ ಕಿವಿ ಮುಚ್ಚಿಟ್ಟು ಏಳನೆಯ ದಿನ ತೆರೆಯುವವರನ್ನು ಕಂಡದ್ದು ಅದೇ ಮೊದಲು.

ಅವರ ನಡುಮನೆಯಲ್ಲಿ ನಾಲ್ಕು ಸ್ಪೀಕರು ಇದ್ದವು. ಮುಂಬಾಗಿಲಿನ ಎಡಬಲಕ್ಕೆ ಎರಡು, ಅಡುಗೆಮನೆ ಬಾಗಿಲಿನ ಎಡಬಲಕ್ಕೆ ಎರಡು. ನಟ್ಟನಡುವೆ ಒಂದೇ ಒಂದು ಬೆತ್ತದ ಕುರ್ಚಿ, ಮುಖ ಮುಂಬಾಗಿಲ ಕಡೆಗೆ. ಅದರ ನಾಲ್ಕು ಕಾಲಿನ ಜಾಗಕ್ಕೂ ನೆಲದ ಮೇಲೆ ಸೀಮೆಸುಣ್ಣದ ಗುರುತು. ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಒಬ್ಬ ಪರದೇಶದ ಎಂಜಿನಿಯರು ಊರು ಬಿಡುವಾಗ ತನ್ನ ದೊಡ್ಡ ಟೇಪ್ ರೆಕಾರ್ಡರನ್ನೂ ಒಂದಿಷ್ಟು ಟೇಪು, ರೆಕಾರ್ಡುಗಳನ್ನೂ ಇವರಿಗೆ ಬಿಟ್ಟುಹೋಗಿದ್ದನಂತೆ. ಅದರಲ್ಲಿ ಎರಡಲ್ಲ, ನಾಲ್ಕು ದಾರಿ. ನಾಲ್ಕು ಮೂಲೆಗೆ ನಾಲ್ಕು ಬೇರೆ ಬೇರೆ ಧ್ವನಿ. ‘ಕ್ವಾಡ್ರಾಫೋನಿಕ್’ ಎಂದು ಕಾಕಾ ಬಾಯಿ ತುಂಬ ಹೇಳುತ್ತಿದ್ದರು. ಕಾಕು ಅದನ್ನು ‘ನಾಕ್ ಮೂಲಿ ಪೆಟಿಗಿ’ ಎಂದು ಮುಗಿಸಿಬಿಡುತ್ತಿದ್ದರು.

“ನೋಡವಾ ತಂಗಿ, ಮಂದಿ ಗಂಡಂದ್ರು ಇಸ್ಪೀಟ ಆಡ್ತಾರ. ನಮ್ಮವರು ನಾಕ ಮೂಲಿಗೆ ನಾಕ ಪೆಟಿಗಿ ಇಟ್ಟು ನಡುವ ಕುಂಡರ್ತಾರ. ನನಗ ಕಸಾ ಹೊಡಿಯಾಕೂ ಜಾಗಾ ಇಲ್ಲ.”

ಮೊದಲ ಸಲ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದು ಒಂದು ಭಾನುವಾರ ಮಧ್ಯಾಹ್ನ. ಹೊರಗೆ ಸುಡುಬಿಸಿಲು. “ಕಣ್ಣ ಮುಚ್ಚರಿ ಅಕ್ಕೋರ. ಏನ ಕೇಳಿದ್ರೂ ಹಿಂದ ತಿರಗಿ ನೋಡಬ್ಯಾಡ್ರಿ. ತಿರಗಿದ್ರ ಎಲ್ಲಾ ಕೆಡತೈತಿ,” ಎಂದರು. ಹಾಡು ಮುಂದಿನಿಂದ ಬಂತು, ಸರಿ. ಪಿಯಾನೊ ಮುಂದೆ ಬಲಕ್ಕೆ. ಒಮ್ಮೆಲೇ ನನ್ನ ಎಡ ಭುಜದ ಹಿಂದೆ ಯಾರೋ ಖಂಜಿರ ಬಾರಿಸಿದರು… ಸಣ್ಣ ಗೆಜ್ಜೆಯ ಖಂಜಿರ, ಕಿವಿಗೆ ಗೇಣು ದೂರ. ನಾನು ಚಿಟ್ಟನೆ ಚೀರಿ ಎದ್ದು ನಿಂತೆ. ಹಿಂದೆ ಅಡುಗೆಮನೆಯ ಬಾಗಿಲು, ಅದರಲ್ಲಿ ಸೌಟು ಹಿಡಿದು ನಗುತ್ತ ನಿಂತ ಕಾಕು. ಬೇರೆ ಯಾರೂ ಇರಲಿಲ್ಲ.

ಆಮೇಲೆ ನನಗೂ ಅದರ ಹುಚ್ಚು ಹಿಡಿಯಿತು. ಕಾಕಾರ ಹತ್ತಿರ ಕಾರ್ಖಾನೆಯ ಗ್ರಾಫ್ ಹಾಳೆಗಳನ್ನು ಹೊಲಿದ ಒಂದು ನೋಟ್‌ಬುಕ್ಕಿತ್ತು. ಒಂದೊಂದು ಹಾಡಿಗೂ ಒಂದೊಂದು ಚೌಕ. ನಡುವಿನ ಚುಕ್ಕೆ ಎಂದರೆ ಕುರ್ಚಿ. ಯಾವ ವಾದ್ಯ ಯಾವ ಮೂಲೆಯಲ್ಲಿ ಕೂತಿದೆ, ಎಷ್ಟು ದೂರ, ನಡುವೆ ಜಾಗ ಬದಲಿಸಿತೋ ಇಲ್ಲವೋ, ಎಲ್ಲ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ಮೆಚ್ಚಿದ ಚೌಕಕ್ಕೆ ಒಂದು ಸರಿ ಗುರುತು. ಅದನ್ನು ಪಡೆದವು ಬಹಳ ಕಡಿಮೆ. ಆ ವಿಷಯದಲ್ಲಿ ನನಗಿಂತ ಕಟುವಾದ ಮಾಸ್ತರು ಅವರು.

ಒಂದು ರೆಕಾರ್ಡಿನಲ್ಲಿ ಡ್ರಮ್ಮಿನ ಒಂದು ಭಾಗ ಮುಂದೆ ಎಡಕ್ಕೆ, ಇನ್ನೊಂದು ಮುಂದೆ ಬಲಕ್ಕೆ, ತಾಳದ ತಟ್ಟೆಗಳು ಹಿಂದಿನ ಎರಡು ಮೂಲೆಗೆ ಹಂಚಿಹೋಗಿದ್ದವು. ಕಾಕಾಗೆ ಸಿಟ್ಟು ಬಂತು. “ಬಾರಿಸೋ ಮನಷ್ಯಾನ್ನ ಕಡದು ನಾಕ ಮೂಲಿಗೆ ಒಗದಾರ ನೋಡ್ರಿ. ಕೈ ಅಲ್ಲಿ, ಕಾಲ ಇಲ್ಲಿ.” ಇನ್ನೊಂದರಲ್ಲಿ ಕೊಳಲು ಗಿರಗಿರ ಕೋಣೆ ಸುತ್ತುತ್ತಿತ್ತು. ಹೊಸ ಸಾಮಾನು ಸಿಕ್ಕಿತೆಂದು ಆಟ ಆಡಿದ್ದಾರೆ ಎಂದು ಬೈದು ಟೇಪು ಬಂದ್ ಮಾಡಿದರು.

ಒಮ್ಮೆ ಕಟ್ಟಿಗೆ ಯಾರ್ಡಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಸಿದ್ದಿ ಹಿರಿಯನನ್ನೂ ಅವನ ಊರಿನ ಮೂವರನ್ನೂ ಡಮಾಮಿ ಎಂಬ ಅವರ ಡೋಲಿನ ಸಮೇತ ಮನೆಗೆ ಕರೆತಂದರು. ಹಳಿಯಾಳದ ಕಡೆಯ ಊರು. ಒಬ್ಬೊಬ್ಬರನ್ನು ಒಂದೊಂದು ಮೂಲೆಗೆ, ಗೋಡೆಗೆ ಮುಖ ಮಾಡಿ ಕೂರಿಸಿ ರೆಕಾರ್ಡು ಮಾಡಬೇಕೆಂಬ ಆಸೆ. ಹಿರಿಯ ಒಪ್ಪಲಿಲ್ಲ. “ನಾವು ಒಬ್ಬರ ಮಾರಿ ಒಬ್ಬರು ನೋಡಿಕೋತ ಬಾರಸ್ತೇವ್ರಿ ಸಾಹೇಬ್ರ. ಗ್ವಾಡಿಗೆ ಮಾರಿ ಮಾಡಿ ಯಾರಿಗೆ ಬಾರಸೂಣು?” ಎಂದ. ಕಾಕಾ ತಲೆ ಕೆರೆದುಕೊಂಡು ಅವರನ್ನು ಒಳಮುಖವಾಗಿ ಕೂರಿಸಿ ತಾವೇ ನಡುವೆ ಕೂತರು. ಆ ಚೌಕಕ್ಕೆ ಸರಿ ಗುರುತು ಬಿತ್ತು.

ಆದರೆ ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆಯೇ. ಒಂದು ದೊಡ್ಡ ಸಭಾಂಗಣದಲ್ಲಿ ಮಾಡಿದ ರೆಕಾರ್ಡು. ವಾದ್ಯಗಳೆಲ್ಲ ಮುಂದೆ. ಹಿಂದಿನ ಎರಡು ಮೂಲೆಯಲ್ಲಿ ಸಂಗೀತವೇ ಇಲ್ಲ. ಅಲ್ಲೊಂದು ಕೆಮ್ಮು, ಇಲ್ಲೊಂದು ಸೀರೆಯಂಥದ್ದರ ಸರಸರ, ಉಳಿದದ್ದು ಬರೀ ಉಸಿರು ಹಿಡಿದ ಮೌನ. “ಇದು ನೋಡ್ರಿ,” ಎಂದು ಪಿಸುಗುಟ್ಟಿದ್ದರು. “ಹಿಂದಿನ ಮೂಲ್ಯಾಗ ಏನೂ ಬಾರಿಸಬಾರ್ದು. ಆದ್ರ ಯಾರೋ ಅದಾರ ಅನ್ನಸಬೇಕು.”

“ನನಗ ಹಂಗ ಅನ್ನಸೂದು ಬ್ಯಾಡ,” ಎಂದು ಕಾಕು ಒಳಗಿನಿಂದ ಕೂಗಿದ್ದರು. “ಬೆನ್ನ ಹಿಂದ ನಾ ಇದ್ದೇನಲ್ಲ, ಸಾಲಂಗಿಲ್ಲೇನು?”

ಕಾಕು ಮುಂಡಗೋಡ ತಾಲೂಕಿನ ಪಾಳಾ ಊರಿನವರು. ಶಾಲೆ ಕಂಡವರಲ್ಲ, ಆದರೆ ಯಾವುದಕ್ಕೂ ಹೆದರುವವರೂ ಅಲ್ಲ. ನಾಲ್ಕು ಸ್ಪೀಕರಿನ ವೈರು ಬಂದು ಸೇರುವ ಆಂಪ್ಲಿಫೈಯರನ್ನು ಕಾಕಾ ತಾವೇ ಮರದ ಪೆಟ್ಟಿಗೆಯಲ್ಲಿ ಕಟ್ಟಿದ್ದರು. ಅದರ ಬೆನ್ನಿಗೆ ಅಕ್ಷರವೇ ಇರಲಿಲ್ಲ, ನಾಲ್ಕು ತೂತು ಅಷ್ಟೆ. ನೆಲ ಒರೆಸುವಾಗ ವೈರು ಕಿತ್ತು ಬಂದು ದಿನಾ ಜಗಳ. ಕೊನೆಗೆ ಕಾಕುವೇ ಉಪಾಯ ಮಾಡಿದರು. ಹೊಸ್ತಿಲಿಗೆ ಕುಂಕುಮ ಹಚ್ಚುತ್ತೇವೆ, ಆದ್ದರಿಂದ ಮುಂಬಾಗಿಲ ಕಡೆಯ ಎರಡು ವೈರಿಗೂ ಅವುಗಳ ತೂತಿಗೂ ಕುಂಕುಮ. ಅಡುಗೆಮನೆ ಕಡೆಯವಕ್ಕೆ ಅರಿಶಿನ. ಎಡದ್ದಕ್ಕೆ ಒಂದು ಬೊಟ್ಟು, ಬಲದ್ದಕ್ಕೆ ಎರಡು. ಕಾಕಾ ತಲೆದೂಗಿದರು. ಇದನ್ನು ಕಾಕು ನನಗೆ ಕೂರಿಸಿಕೊಂಡು ತೋರಿಸಿದ್ದರು. ಗೊತ್ತಿತ್ತು ನನಗೆ. ಗೊತ್ತಿದ್ದೂ ಮರೆತೆ…

ಇನ್ನು ಆ ಟೇಪಿನ ಮಾತು.

ಅದೊಂದು ಬೇಸಿಗೆಯ ಭಾನುವಾರ. ಕಾಕಾ ನಾಲ್ಕು ಮೈಕು ಹೊಂದಿಸಿ, ನಾಲ್ಕು ಮೂಲೆಯಲ್ಲಿಟ್ಟು, ಕುರ್ಚಿಯಲ್ಲಿ ಉಸಿರು ಬಿಗಿಹಿಡಿದು ಕೂತು, ಸುಮ್ಮನೆ ಮನೆಯನ್ನೇ ರೆಕಾರ್ಡು ಮಾಡಿದರು. ಪರೀಕ್ಷೆಗೆ. ಕಾಕುಗೆ ಹೇಳಿರಲಿಲ್ಲ. ಆ ಹೊತ್ತಿಗೆ ನಾನು ಕಾಕುವನ್ನು ಪೇಟೆಗೆ ಕರೆಯಲು ಬಂದೆ. ನನಗೂ ಗೊತ್ತಿರಲಿಲ್ಲ. ಹತ್ತು ಹನ್ನೊಂದು ನಿಮಿಷದ ಟೇಪು ಅದು. ಮೊದಲು ಹಿಂದೆ ಬಲಮೂಲೆಯಲ್ಲಿ, ಅಡುಗೆಮನೆಯಲ್ಲಿ, ಕಾಕು ಶೇಂಗಾ ಚಟ್ನಿ ಕುಟ್ಟುವ ಸದ್ದು. ನಡುವೆ ಒಂದು ಕೆಮ್ಮು. ದೂರದಲ್ಲಿ ಪಾಳಿ ಬದಲಾಗುವ ಕಾರ್ಖಾನೆಯ ಭೋಂಗಾದ ಕೂಗು. ಆಮೇಲೆ ಮುಂಬಾಗಿಲಿನಿಂದ ನನ್ನ ದನಿ: “ಕಾಕೂ… ಬರ್ತೀರೇನ್ರಿ?” ಕುಟ್ಟುವುದು ನಿಲ್ಲುತ್ತದೆ. ಶಹಾಬಾದ ಕಲ್ಲಿನ ಮೇಲೆ ಕಾಲುಂಗುರದ ಟಕ್, ಟಕ್… ಕುರ್ಚಿಯ ಬಲಕ್ಕೆ ಹಾದು ಮುಂದೆ ಹೋಗುತ್ತದೆ. ಮತ್ತೆ ನನ್ನ ದನಿ: “ಬಿಸಲ ಭಾಳ ಐತ್ರಿ, ಛತ್ರಿ ತಗೋರಿ.” ಕಾಕು: “ಬ್ಯಾಡ ಬಿಡವಾ, ಇಲ್ಲೇ ಅಲ್ಲೇನು.” ಆಮೇಲೆ ಗಂಡನಿಗೆ: “ಬಾಗಲಾ ಹಾಕ್ಕೋರಿ.” ಬಾಗಿಲಿನ ಚಿಲಕ ಅಲ್ಲಾಡಿದ ಸದ್ದು. ಮುಂದೆ ಬರೀ ಮೌನ, ಒಂದು ಕಾಗೆ.

ಆ ಮಳೆಗಾಲದಲ್ಲಿ ಕಾಕುಗೆ ಕಾಮಾಲೆಯಾಯಿತು. ಬೇರಿನ ಔಷಧ, ಆಸ್ಪತ್ರೆ ಎಲ್ಲ ಆಯಿತು. ಆಷಾಢ ಮುಗಿಯುವ ಮೊದಲೇ ಹೋಗಿಬಿಟ್ಟರು. ನನಗೆ ಅವರ ಮೇಲೆ ಎಷ್ಟು ಪ್ರೀತಿ ಇತ್ತೆಂದು ಅವರು ಹೋದ ಮೇಲೆ ತಿಳಿಯಿತು. ತಿಂಗಳುಗಟ್ಟಲೆ ಶಾಲೆಯಿಂದ ಬಂದವಳೇ ಅವರ ಹೊಸ್ತಿಲಲ್ಲಿ ನಿಂತು, ಕರೆಯಲು ಬಾಯಿ ತೆರೆದು, ಮುಚ್ಚಿಕೊಂಡು ಬರುತ್ತಿದ್ದೆ.

ಕಾಕಾ ಅಳಲಿಲ್ಲ. ಕೆಲಸಕ್ಕೆ ಹೋಗುತ್ತಿದ್ದರು, ಕಿವಿಗೆ ಅರಳೆ ಇಡುತ್ತಿದ್ದರು. ಭಾನುವಾರ ಬೇರೆ ಟೇಪುಗಳೆಲ್ಲ ನಿಂತುಹೋದವು. ಅದೊಂದೇ. ಮಧ್ಯಾಹ್ನ ಮೂರಕ್ಕೆ ಗೋಡೆಯಾಚೆ ಚಟ್ನಿ ಕುಟ್ಟುವ ಸದ್ದು ಶುರುವಾಗುತ್ತಿತ್ತು. ಅವ್ವ ಹಾಸಿಗೆಯಿಂದ ಎದ್ದು ಕೂತು ನನ್ನ ಮುಖ ನೋಡುತ್ತಿದ್ದಳು. ಆಮೇಲೆ ನನ್ನ ದನಿ. ನಾನು ಇಲ್ಲಿ ಅವ್ವನ ಎದುರಿಗೆ ಬಾಯಿ ಮುಚ್ಚಿ ಕೂತಿದ್ದರೆ ಅಲ್ಲಿ ನಾನು ಕರೆಯುತ್ತಿದ್ದೆ. ಮೊದಮೊದಲು ಮೈ ಜುಮ್ಮೆನ್ನುತ್ತಿತ್ತು. ವರ್ಷ ಕಳೆಯುವಷ್ಟರಲ್ಲಿ ಭೋಂಗಾದಂತೆ ಅದೂ ರೂಢಿಯಾಯಿತು. ಕಾಕು ಪ್ರತಿ ಭಾನುವಾರ ಬಾಗಿಲು ದಾಟಿ ಹೋಗುತ್ತಿದ್ದರು, ಕಾಕಾ ಸೋಮವಾರ ಕೆಲಸಕ್ಕೆ ಹೋಗುತ್ತಿದ್ದರು.

ಮರುವರ್ಷ ನವರಾತ್ರಿಯ ಖಂಡೇಪೂಜೆ, ಆಯುಧಪೂಜೆಯ ದಿನ, ಬಂತು. ದಾಂಡೇಲಿಯಲ್ಲಿ ಅವತ್ತು ಸೈಕಲ್ಲಿನಿಂದ ಹಿಡಿದು ಕಾರ್ಖಾನೆಯ ಬಾಯ್ಲರಿನವರೆಗೆ ಎಲ್ಲಕ್ಕೂ ಪೂಜೆ. ಸೂತಕದ ವರ್ಷ ಕಳೆದಿದೆ, ಕಾಕಾರ ಸಾಮಾನುಗಳಿಗೆ ಮಾತ್ರ ಹೂ ಕಾಣದಿದ್ದರೆ ಹೇಗೆ ಎಂದು ನನಗೆ ಅನ್ನಿಸಿತು. ಅವ್ವ ಬೇಡ ಎಂದಳು. “ಮಂದಿ ಮನಿ ಉಸಾಬರಿ ನಿನಗ್ಯಾಕ? ಅವರು ಕರದಾರೇನು?” ಕರೆದಿರಲಿಲ್ಲ. ಆದರೆ ನನ್ನದು ಟೀಚರ ಬುದ್ಧಿ. ಕೊಳೆ ಕಂಡರೆ ಒರೆಸಬೇಕು, ತಪ್ಪು ಕಂಡರೆ ತಿದ್ದಬೇಕು.

ಕಾಕಾ ಕಾರ್ಖಾನೆಯ ಪೂಜೆಗೆ ಹೋಗಿದ್ದರು. ಮನೆಯ ಕೀಲಿ ಎಂದಿನಂತೆ ನಮ್ಮಲ್ಲಿತ್ತು. ನಡುಮನೆಯ ಗೋಡೆಗೆ ಸುಣ್ಣ ಹೊಡೆಸಿದೆ. ವೈರುಗಳನ್ನೆಲ್ಲ ಕಿತ್ತು ಒದ್ದೆ ಬಟ್ಟೆಯಲ್ಲಿ ತಿಕ್ಕಿದೆ. ಆಂಪ್ಲಿಫೈಯರಿನ ಬೆನ್ನನ್ನೂ ತಿಕ್ಕಿದೆ. ವರ್ಷದಿಂದ ಮಾಸಿ ಕಪ್ಪಾದ ಆ ಬೊಟ್ಟುಗಳು ನನಗೆ ಕೊಳೆಯಂತೆಯೇ ಕಂಡವು. ಆಮೇಲೆ ಪೆಟ್ಟಿಗೆಗಳಿಗೆಲ್ಲ ಹೊಸದಾಗಿ ಕುಂಕುಮ, ಅರಿಶಿನ ಎರಡೂ ಹಚ್ಚಿ, ಚೆಂಡು ಹೂವಿಟ್ಟು, ಕಾಯಿ ಒಡೆದು, ನಾಲ್ಕು ವೈರನ್ನೂ ಅಂದಾಜಿನ ಮೇಲೆ ತೂತಿಗೆ ಸಿಕ್ಕಿಸಿದೆ. ಕಾಕಾ ಬಂದು ನೋಡಿ ಕೈ ಮುಗಿದರು. “ಅಕಿ ಇದ್ದಂಗ ಆತು ನೋಡ್ರಿ,” ಎಂದರು. ನಾನು ಉಬ್ಬಿಹೋದೆ.

ಅದಾದ ಮೊದಲ ಭಾನುವಾರ ನಾನು ಊರಲ್ಲಿರಲಿಲ್ಲ. ಸೋಮವಾರ ಸಂಜೆ ಬಂದಾಗ ಅವ್ವ ಹೇಳಿದಳು, ಕಾಕಾ ಕೆಲಸಕ್ಕೆ ಹೋಗಿಲ್ಲ, ಮುಂಬಾಗಿಲು ತೆಗೆದಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಹಿತ್ತಲ ಗೋಡೆಯ ಮೇಲಿನಿಂದ ಅವರ ಮುಖ ಕಂಡಿತು. ಗಡ್ಡ ಬಂದಿತ್ತು, ಕಣ್ಣು ಮಾತ್ರ ಹೊಳೆಯುತ್ತಿದ್ದವು. “ಅಕ್ಕೋರ, ಹಿತ್ತಲ ಬಾಗಲಿಂದ ಬರ್ರಿ. ಮುಂದಿನ ಬಾಗಲಾ ತಗ್ಯಾಂಗಿಲ್ಲ.”

ಹೋದೆ. ಮುಂಬಾಗಿಲಿಗೆ ಚಿಲಕ, ಅಗುಳಿ ಎರಡೂ. ಅದರ ಪಕ್ಕದ ಮೊಳೆಗೆ ಕಾಕುವಿನ ಹೂವಿನ ಛತ್ರಿ ಎಂದಿನಂತೆ ತೂಗುತ್ತಿತ್ತು. ಕಾಕಾ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ತಾವು ಗೋಡೆಗೊರಗಿ ನಿಂತರು. ಟೇಪು ತಿರುಗಿತು.

ಚಟ್ನಿ ಕುಟ್ಟುವ ಸದ್ದು ನನ್ನ ಮುಂದಿನಿಂದ ಬಂತು, ಮುಚ್ಚಿದ ಬಾಗಿಲಿನ ಆಚೆ, ಕಟ್ಟೆಯ ಮೇಲೆ ಯಾರೋ ಕೂತು ಕುಟ್ಟುತ್ತಿದ್ದಂತೆ. ಏನೋ ತಪ್ಪಿದೆ ಅನ್ನಿಸಿತು, ಏನೆಂದು ಹೊಳೆಯಲಿಲ್ಲ. ಭೋಂಗಾ ಕೂಗಿತು. ಆಮೇಲೆ ನನ್ನ ಬೆನ್ನ ಹಿಂದೆ, ಅಡುಗೆಮನೆಯ ಬಾಗಿಲಿನಲ್ಲಿ, ನಾನೇ ನಿಂತು ಕರೆದೆ. “ಕಾಕೂ… ಬರ್ತೀರೇನ್ರಿ?”

 ತಿರುಗಿ ನೋಡಲಿಲ್ಲ. ತಿರುಗಿದರೆ ಅಲ್ಲಿ ನಾನು ನಿಂತಿರುತ್ತೇನೆ ಎಂದು ಹೆದರಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಮುಂಬಾಗಿಲ ಹತ್ತಿರ ಕಾಲುಂಗುರ ಟಕ್ ಎಂದಿತು. ಟಕ್, ಟಕ್… ನನ್ನ ಕಡೆಗೇ ಬಂತು. ಬಲ ಭುಜದ ಪಕ್ಕ ಹಾದು ಹಿಂದೆ ಹೋಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಕು ಹೇಳಿದರು: “ಬಾಗಲಾ ಹಾಕ್ಕೋರಿ.” ಚಿಲಕದ ಸದ್ದು. ಆಮೇಲೆ ಮೌನ. ಹಿಂದಿನ ಎರಡು ಮೂಲೆಯಲ್ಲಿ ಏನೂ ಇರಲಿಲ್ಲ. ಆದರೆ ಯಾರೋ ಇದ್ದರು.

“ಹೊರಗ ಕಟ್ಟಿ ಮ್ಯಾಲೆ ಕುಂತಿದ್ಳು,” ಎಂದರು ಕಾಕಾ, ಮಗುವಿಗೆ ಹೇಳುವಂತೆ ಮೆಲ್ಲಗೆ. “ನೀವ ಒಳಗಿಂದ ಕರದ್ರಿ. ನೀವ ಕರದದ್ದಕ್ಕ ಬಂದ್ಳು. ಬಾಗಲಾ ಹಾಕ್ಕೋರಿ ಅಂದಾಳ, ಹಾಕ್ಕೊಂಡೇನಿ. ಇನ್ನ ಹೆಂಗ ತಗೀಲಿ?”

ಆಗ ಹೊಳೆಯಿತು ನನಗೆ. ಮುಂದಿನ ವೈರು ಹಿಂದೆ ಹೋಗಿವೆ, ಹಿಂದಿನವು ಮುಂದೆ. ನಾನೇ ಮಾಡಿದ್ದು. ಹೇಳಲು ಬಾಯಿ ತೆರೆದೆ, ಅವರ ಮುಖ ನೋಡಿ ಮುಚ್ಚಿದೆ. ಕಾಕು ಹೋದ ಮೇಲೆ ಅಷ್ಟು ನೆಮ್ಮದಿಯನ್ನು ಆ ಮುಖದಲ್ಲಿ ನಾನು ಕಂಡಿರಲಿಲ್ಲ. ಸುಮ್ಮನೆ ಎದ್ದು ಬಂದೆ.

ವಾರಗಳು ಹೋದವು. ದೀಪಾವಳಿ ಬಂತು, ಹೋಯಿತು. ಆ ಬಾಗಿಲು ತೆರೆಯಲಿಲ್ಲ. ಟೇಪು ಈಗ ಭಾನುವಾರಕ್ಕೆ ಕಾಯುತ್ತಿರಲಿಲ್ಲ, ದಿನಾ ಮೂರು ಗಂಟೆಗೆ. ಕಾರ್ಖಾನೆಯಿಂದ ಚೀಟಿ ಬಂತು, ಹೀಗೇ ಗೈರುಹಾಜರಾದರೆ ಕೆಲಸ ಉಳಿಯುವುದಿಲ್ಲ ಎಂದು. ಚೀಟಿ ತಂದ ಜವಾನ ಬಾಗಿಲು ಬಡಿದು ಬಡಿದು ಅದನ್ನು ನನ್ನ ಕೈಗೆ ಕೊಟ್ಟು ಹೋದ. ಅವ್ವ ಹಿತ್ತಲಿನಿಂದ ಕೊಡುತ್ತಿದ್ದ ರೊಟ್ಟಿ ಅರ್ಧ ಹಾಗೇ ವಾಪಸು ಬರುತ್ತಿತ್ತು. ಕಾಕಾರ ಕೊರಳ ಎಲುಬು ಎದ್ದು ಕಾಣುತ್ತಿದ್ದವು.

“ಆ ಮನಷ್ಯಾ ಹಂಗ ಕುಂತ ಕುಂತಲ್ಲೇ ಸಾಯ್ತಾನ ನೋಡ,” ಎಂದಳು ಅವ್ವ ಒಂದು ದಿನ. ಅವಳಿಗೆ ವೈರಿನ ವಿಷಯ ಹೇಳಿರಲಿಲ್ಲ. ಹೇಳಿದೆ. ಅವ್ವ ರೊಟ್ಟಿಯ ಬುಟ್ಟಿ ಮುಚ್ಚಿಟ್ಟಳು. ಆಮೇಲೆ, “ಬಿಚ್ಚಿದಾಕಿ ನೀನ. ಕಟ್ಟಾಕಿನೂ ನೀನ,” ಎಂದಳು.

ಮರುದಿನ ಶಾಲೆಗೆ ರಜೆ ಹಾಕಿದೆ. ಎರಡೂವರೆಗೆ ಕಾಕಾ ಹಿತ್ತಲ ಬಚ್ಚಲಿಗೆ ಹೋಗುವುದು ಗೊತ್ತಿತ್ತು, ದಿನವೂ ಸ್ನಾನ ಮಾಡಿ, ತೊಳೆದ ಅಂಗಿ ಹಾಕಿಕೊಂಡು ಮೂರಕ್ಕೆ ಕೂರುತ್ತಿದ್ದರು. ನೀರು ಸುರಿಯುವ ಸದ್ದು ಕೇಳುತ್ತಲೇ ಒಳಗೆ ಹೋದೆ. ಆಂಪ್ಲಿಫೈಯರಿನ ಹಿಂದೆ ಮೊಣಕಾಲೂರಿ ನಾಲ್ಕೂ ಪಿನ್ನು ಕಿತ್ತೆ, ಮುಂದಿನವು ಮುಂದಕ್ಕೆ, ಹಿಂದಿನವು ಹಿಂದಕ್ಕೆ ಸಿಕ್ಕಿಸಿದೆ. ಒಂದು ನಿಮಿಷದ ಕೆಲಸ. ಬೆನ್ನ ಹಿಂದೆ ಅಡುಗೆಮನೆಯ ಬಾಗಿಲಿತ್ತು. ಅಲ್ಲಿಂದ ಯಾರೋ ನೋಡುತ್ತಿದ್ದಾರೆ ಅನ್ನಿಸಿತು, ಸೌಟು ಹಿಡಿದು… ಈ ಸಲ ಅವರು ನಗುತ್ತಿರಲಿಲ್ಲ. ತಿರುಗಿ ನೋಡದೆ ಗೋಡೆ ಸವರಿಕೊಂಡು ಹೊರಗೆ ಬಂದೆ.

ನಮ್ಮ ಕಟ್ಟೆಯ ಮೇಲೆ ಅಕ್ಕಿಯ ಮೊರ ಹಿಡಿದು ಕೂತೆ. ಅಕ್ಕಿ ಆರಿಸುವಂತೆ ಮಾಡಿದೆ, ಕಲ್ಲು ಯಾವುದು ಅಕ್ಕಿ ಯಾವುದು ಕಾಣಲಿಲ್ಲ. ಮೂರಕ್ಕೆ ಕುಟ್ಟುವ ಸದ್ದು. ಭೋಂಗಾ. ನಾನು ಹೊರಗಿನಿಂದ ಕಾಕುವನ್ನು ಕರೆದೆ. ಛತ್ರಿ ತಗೋರಿ ಎಂದೆ. ಬ್ಯಾಡ ಬಿಡವಾ ಎಂದರು. ಬಾಗಲಾ ಹಾಕ್ಕೋರಿ ಎಂದರು. ಆಮೇಲೆ ಕಾಗೆ.

ತುಂಬ ಹೊತ್ತು ಏನೂ ಆಗಲಿಲ್ಲ. ಬಳಿಕ ಅಗುಳಿ ಸರಿಯಿತು. ಚಿಲಕ ಕಳಚಿತು. ಮುಂಬಾಗಿಲು ತೆರೆಯಿತು! ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ತೊಳೆದ ಬಿಳಿ ಅಂಗಿ, ಬಾಚಿದ ತಲೆ, ಕಾಲಲ್ಲಿ ಚಪ್ಪಲಿ. ಕಾಕಾ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತರು. ಅವರ ಕಂಕುಳಲ್ಲಿ ಹೂವಿನ ಛತ್ರಿ ಇತ್ತು.

“ಎಲ್ಲಿ ಹೊಂಟ್ರಿ ಕಾಕಾ?”

ನನ್ನನ್ನು ಒಂದು ಗಳಿಗೆ ನೋಡಿದರು. ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. “ನೀವ ಕರದ್ರಲ್ಲ, ಅಕಿ ಹೋದ್ಳು. ಛತ್ರಿ ಬಿಟ್ಟು ಹೋಗ್ಯಾಳ್ರಿ. ಬಿಸಲ ಭಾಳ ಐತಿ, ಕೊಟ್ಟ ಬರ್ತೇನಿ.”

“ಹೋಗಿ ಬರ್ರಿ,” ಎಂದೆ ನಾನು.

ಹೌದು, ಹಾಗೇ ಎಂದೆ. ಬಾಗಿಲು ತೆರೆದರಲ್ಲ, ಇಷ್ಟು ದಿನದ ಮೇಲೆ ನಾಲ್ಕು ಹೆಜ್ಜೆ ಗಾಳಿಗೆ ನಡೆಯಲಿ, ಬಂದ ಮೇಲೆ ಎಲ್ಲ ಬಿಡಿಸಿ ಹೇಳೋಣ ಎಂದುಕೊಂಡೆ. ಅವರು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆ. ಛತ್ರಿ ಬಿಚ್ಚಲೇ ಇಲ್ಲ. ಅಷ್ಟು ಬಿಸಿಲಿನಲ್ಲಿ ಅದನ್ನು ಮಡಿಸಿ ಹಿಡಿದುಕೊಂಡೇ ಹೋದರು.

ಸಂಜೆ ಬರಲಿಲ್ಲ. ಮರುದಿನವೂ ಇಲ್ಲ. ಕಾರ್ಖಾನೆಯವರು ಹುಡುಕಿದರು, ಕಾಳಿ ನದಿಯ ದಂಡೆ, ಹಳಿಯಾಳದ ರಸ್ತೆ, ಜೋಯಿಡಾ ಕಡೆಯ ಕಾಡು. ಹೆಣ ಸಿಗಲಿಲ್ಲ, ಚಪ್ಪಲಿ ಸಿಗಲಿಲ್ಲ, ಛತ್ರಿಯೂ ಇಲ್ಲ. ತಿಂಗಳ ನಂತರ ಕ್ಯಾಸಲ್‌ರಾಕ್ ಕಡೆಯ ಒಬ್ಬ ರೈಲ್ವೆ ಗ್ಯಾಂಗ್‌ಮನ್ ಹೇಳಿದನಂತೆ, ಬಿಳಿ ಅಂಗಿಯ ಒಬ್ಬ ಮನುಷ್ಯ ಹೆಂಗಸರ ಛತ್ರಿ ಕಂಕುಳಲ್ಲಿಟ್ಟುಕೊಂಡು ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತದ್ದನ್ನು ಕಂಡೆ ಎಂದು. ಯಾರಾದರೂ ಬಂದಾಗಲೂ ಆತ ಹಿಂದೆ ತಿರುಗಿ ನೋಡುತ್ತಿರಲಿಲ್ಲವಂತೆ. ಅವರೋ, ಬೇರೆ ಯಾರೋ… ಅಲ್ಲಿಗೆ ಹೋದವರ ಕಣ್ಣಿಗೆ ಯಾರೂ ಬೀಳಲಿಲ್ಲ.

ಮನೆ ಖಾಲಿ ಮಾಡಲು ಹಳಿಯಾಳದಿಂದ ಅವರ ಅಣ್ಣನ ಮಗ ಬಂದ. ಟೇಪು, ಸ್ಪೀಕರು ಎಲ್ಲ ಒಂದು ಟೆಂಪೋದಲ್ಲಿ ಹೇರಿಕೊಂಡ. ಏನಾದರೂ ಇಟ್ಟುಕೊಳ್ಳಿ ಬಾಯಾರ ಎಂದ. ಕೆಳಗೆ ಬಿದ್ದಿದ್ದ ಒಂದು ವೈರು, ಆ ಗ್ರಾಫ್ ಹಾಳೆಯ ನೋಟ್‌ಬುಕ್ಕು, ಇಷ್ಟು ಸಾಕೆಂದೆ.

ನೋಟ್‌ಬುಕ್ಕನ್ನು ಅವತ್ತೇ ತೆರೆದೆ. ಹಾಳೆ ಮಗುಚುತ್ತ ಹೋದೆ, ಡ್ರಮ್ಮು, ಕೊಳಲು, ಡಮಾಮಿ… ಕೊನೆಯ ಹಾಳೆಯಲ್ಲಿ ಅಕ್ಕಪಕ್ಕ ಎರಡು ಚೌಕ. ಮೊದಲನೆಯದರಲ್ಲಿ ಹಿಂದೆ ಬಲಮೂಲೆಯಿಂದ ಒಂದು ಬಾಣದ ಗುರುತು ಕುರ್ಚಿಯ ಪಕ್ಕ ಹಾದು ಮುಂದಿನ ಮೂಲೆಗೆ ಹೋಗಿತ್ತು. ಅದಕ್ಕೆ ಸರಿ ಗುರುತು ಇರಲಿಲ್ಲ. ಎರಡನೆಯದರಲ್ಲಿ ಬಾಣ ತಿರುಗಿತ್ತು, ಮುಂದಿನಿಂದ ಹಿಂದಕ್ಕೆ. ಕೆಳಗೆ ಅವರ ಸಣ್ಣ ದುಂಡು ಅಕ್ಷರದಲ್ಲಿ ಬರೆದಿದ್ದರು: ‘ಖಂಡೇಪೂಜಿ ದಿವಸ ಅಕ್ಕೋರು ವೈರ್ ಅದಲ ಬದಲ ಮಾಡ್ಯಾರ. ಸರಿ ಮಾಡೂದು ಬ್ಯಾಡ. ಹಿಂಗ ಇರ್ಲಿ.’ ಪಕ್ಕದಲ್ಲಿ ದೊಡ್ಡದೊಂದು ಸರಿ ಗುರುತು.

ಗೊತ್ತಿತ್ತು ಅವರಿಗೆ. ಗೇಣು ಸರಿದ ಖಂಜಿರವನ್ನು ಹಿಡಿಯುವ ಕಿವಿ ಅದು, ಮೊದಲ ಕ್ಷಣದಲ್ಲೇ ತಿಳಿದಿರಬೇಕು. ಗೊತ್ತಿದ್ದೂ ಬಾಗಿಲು ಹಾಕಿಕೊಂಡು ಕೂತರು. ಆ ತಪ್ಪಿನೊಳಗೆ ಅವರ ಹೆಂಡತಿ ಮನೆಗೆ ಬರುತ್ತಿದ್ದಳು. ಅದನ್ನು ಹಾಗೆಯೇ ಬಿಟ್ಟಿದ್ದರೆ ಅವ್ವ ಹೇಳಿದಂತೆ ಆ ಕುರ್ಚಿಯಲ್ಲೇ ಸಾಯುತ್ತಿದ್ದರೋ, ಮೆಲ್ಲಗೆ ತಾವೇ ಎದ್ದು ಬರುತ್ತಿದ್ದರೋ, ಈಗ ಯಾರು ಹೇಳಬೇಕು. ಮೂವತ್ತೆರಡು ವರ್ಷ ಕೆಂಪು ಪೆನ್ಸಿಲು ಹಿಡಿದು ಲೆಕ್ಕವಿಲ್ಲದಷ್ಟು ತಪ್ಪು ತಿದ್ದಿದೆ. ಆ ಒಂದನ್ನು ತಿದ್ದಬಾರದಿತ್ತು ಎಂದು ಒಂದು ದಿನವೂ, ತಿದ್ದದೆ ಹೇಗಿರಲಿ ಎಂದು ಇನ್ನೊಂದು ದಿನವೂ ಅನ್ನಿಸುತ್ತಲೇ ಬಂದಿದೆ. ಕಾಕಾ, ನನ್ನನ್ನು ಕ್ಷಮಿಸಿ.

ನೋಟ್‌ಬುಕ್ಕನ್ನು ಗೆದ್ದಲು ತಿಂದು ಎಷ್ಟೋ ವರ್ಷವಾಯಿತು. ಅವ್ವನೂ ಈಗಿಲ್ಲ. ಟ್ರಂಕಿನ ಮುಂದೆ ಕೂತು ವೈರನ್ನು ತೊಡೆಯ ಮೇಲಿಟ್ಟುಕೊಂಡೆ. ಮಧ್ಯಾಹ್ನ ಮೂರರ ಹೊತ್ತು, ಮನೆಯಲ್ಲಿ ಯಾರೂ ಇರಲಿಲ್ಲ, ಅಡುಗೆಮನೆ ನನ್ನ ಬೆನ್ನ ಹಿಂದಿತ್ತು. ವೈರಿನ ತುಂಬ ಧೂಳು. ಒರೆಸಲು ಸೆರಗಿನ ತುದಿ ಹಿಡಿದವಳು ಹಾಗೇ ಕೂತೆ… ಒರೆಸಲಿಲ್ಲ. ಸುತ್ತಿದ್ದಂತೆಯೇ ಮತ್ತೆ ಟ್ರಂಕಿನ ತಳದಲ್ಲಿಟ್ಟೆ.